ತಿದ್ದುಪಡಿ ಬರೆದ ಮೇಡಂ

ಮೊದಲ ದಿನ ನೋಡಿದಾಗ ಇವರಿಗೆ ಸ್ವಲ್ಪ ಜಂಬ ಅಂದುಕೊಂಡೆ. ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಕರೆತಂದು ಒಬ್ಬೊಬ್ಬರನ್ನಾಗಿ ಪರಿಚಯ ಮಾಡಿಕೊಡುತ್ತಿದ್ದರೆ ಅವರು ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ. ತಲೆಯನ್ನು ಬಲಕ್ಕೆ ತುಸು ತಿರುಗಿಸಿ, ಎಡಗಣ್ಣಿನಿಂದ ಅಳತೆ ಮಾಡುವವರ ಹಾಗೆ ನೋಡಿ ಕೈ ಮುಗಿದರು. ಆಮೇಲೆ ನಮ್ಮ ಇತಿಹಾಸದ ಮೇಷ್ಟ್ರು, "ಡಾಕ್ಟರೇಟ್ ಮಾಡಿದೋರಂತೆ, ಅದಕ್ಕೇ ಕತ್ತು ಸ್ವಲ್ಪ ಕೊಂಕು," ಅಂದರು. ನಾವೆಲ್ಲ ನಕ್ಕೆವು.

ಅವರು ಭೌತಶಾಸ್ತ್ರಕ್ಕೆ ಬಂದ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಇಲಾಖೆಯ ಮಾತು. ಈ ಅತಿಥಿಗಳು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿಕೊಂಡು ಬರಬೇಕು. ಕಾಲೇಜಿಗೆ ರಜೆ ಬಂದರೆ ಸಂಬಳವಿಲ್ಲದೆ ಮನೆಯಲ್ಲಿರಬೇಕು. ಹುಷಾರು ತಪ್ಪಿದರೆ ಹಾಕಿಕೊಳ್ಳಲು ರಜೆಯೆಂಬುದಿಲ್ಲ. ನಾನು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುವ ಕಾಯಂ ಉಪನ್ಯಾಸಕಿ. ಹಾಗಾಗಿ ಇದನ್ನೆಲ್ಲ ನೋಡಿ ತಿಳಿದಿದ್ದೇನೆಯೇ ಹೊರತು ಅನುಭವಿಸಿ ಅಲ್ಲ.

ನಮ್ಮದು ಚನ್ನರಾಯಪಟ್ಟಣ. ಹಾಸನಕ್ಕೆ ದಿನವೂ ಬಸ್ಸಿನಲ್ಲಿ ಓಡಾಟ. ಅವರದು ದಂಡಿಗನಹಳ್ಳಿ ಕಡೆಯ ಒಂದು ಸಣ್ಣ ಊರು. ಅಲ್ಲಿಂದ ಆಟೋದಲ್ಲಿ ಹೆದ್ದಾರಿಗೆ ಬಂದು ನಮ್ಮ ಬಸ್ಸನ್ನು ಹತ್ತುತ್ತಿದ್ದರು. ನಾನು ಬ್ಯಾಗು ಇಟ್ಟು ಪಕ್ಕದ ಜಾಗ ಹಿಡಿದಿರುತ್ತಿದ್ದೆ. ಕೆಲವು ವಾರಗಳಲ್ಲಿ ಅವರ ಬಾಯಲ್ಲಿ ನಾನು 'ಅಕ್ಕ' ಆದೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಆದರೂ ಅವರನ್ನು ಹೆಸರು ಹಿಡಿದು ಕರೆಯಲು ನನಗೆ ಕೊನೆಯವರೆಗೂ ನಾಲಿಗೆ ಬರಲಿಲ್ಲ. ಮೇಡಂ ಅಂತಲೇ ಕರೆದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಬಸ್ಸಿನಲ್ಲಿ ಅವರು ಯಾವಾಗಲೂ ನನ್ನ ಬಲಕ್ಕೇ ಕೂರುತ್ತಿದ್ದರು. ನಾನು ಆ ಕಡೆ ಕೂತಿದ್ದರೆ ಎಬ್ಬಿಸಿ ಜಾಗ ಬದಲಿಸಿಕೊಳ್ಳುತ್ತಿದ್ದರು. ಒಂದು ದಿನ ಯಾಕೆ ಅಂತ ಕೇಳಿದೆ.

"ನಿಮ್ಮನ್ನ ನೋಡೋಕೆ ಅಕ್ಕ," ಅಂದರು. "ಬಲಗಣ್ಣಲ್ಲಿ ನೋಡಿದ್ರೆ ನಿಮ್ಮ ಮುಖ ಇರೋ ಕಡೆ ಒಂದು ಮಬ್ಬು ಮಚ್ಚೆ. ಕಿಟಕಿ ಕಾಣುತ್ತೆ, ಸೀರೆ ಕಾಣುತ್ತೆ, ಕಿವಿ ಓಲೆನೂ ಕಾಣುತ್ತೆ. ಮುಖ ಮಾತ್ರ ಇರಲ್ಲ."

ಅವರು ಸಂಶೋಧನೆ ಮಾಡುತ್ತಿದ್ದುದು ಹೊರರಾಜ್ಯದ ಒಂದು ಪ್ರಯೋಗಾಲಯದಲ್ಲಿ. ಅಲ್ಲಿನ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಕೆಂಪಿನಿಂದ ಆಚೆಗಿರುವ ಅವಕೆಂಪು. ಯಾರೋ ಮೇಜಿನ ಮೇಲಿನ ಕನ್ನಡಿಯೊಂದನ್ನು ಸರಿಸಿದರು. ಇವರು ಅದೇ ಗಳಿಗೆಯಲ್ಲಿ ಬೆವರು ಒರೆಸಲು ರಕ್ಷಣೆಯ ಕನ್ನಡಕ ತೆಗೆದಿದ್ದರು. ತಿರುಗಿದ ಬೆಳಕು ಬಲಗಣ್ಣಿಗೆ ಬಿತ್ತು. ನೋವಾಗಲಿಲ್ಲ, ಮಿಂಚಲಿಲ್ಲ. ಸಂಜೆ ಓದಲು ಕೂತಾಗ ಪ್ರತಿ ಸಾಲಿನಲ್ಲೂ ದೃಷ್ಟಿ ನೆಟ್ಟ ಜಾಗದ ಪದವೇ ಕಾಣೆಯಾಗುತ್ತಿತ್ತು.

"ಕನ್ನಡಿ ಸರಿಸಿದೋರು ಯಾರು?"

"ಯಾರಾದ್ರೇನಕ್ಕ. ಕನ್ನಡಕ ತೆಗೆದೋಳು ನಾನು."

ಅಂದಿನಿಂದ ಅವರು ಹೇಳುವ ಮೊದಲೇ ನಾನು ಎಡಗಡೆ ಸರಿದು ಕೂರುತ್ತಿದ್ದೆ.

ನನಗೆ ವಿಜ್ಞಾನ ಹತ್ತನೇ ತರಗತಿಗೇ ಮುಗಿದ ವಿಷಯ. ಆದರೂ ಅವರ ಸಂಶೋಧನೆ ಏನೆಂದು ಬಸ್ಸಿನಲ್ಲೇ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಮೂರು ಹೈಡ್ರೋಜನ್ ಪರಮಾಣುಗಳು ಸೇರಿ ತಮ್ಮ ಮೂರು ಎಲೆಕ್ಟ್ರಾನುಗಳಲ್ಲಿ ಒಂದನ್ನು ಕಳೆದುಕೊಂಡಾಗ ಒಂದು ಅಯಾನು ಆಗುತ್ತದೆ. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಅದು ಬೇಕಾದಷ್ಟಿದೆ. ಭೂಮಿಯ ಮೇಲೆ ಮಾತ್ರ ಏನಕ್ಕೆ ತಾಗಿದರೂ ಆ ಗಳಿಗೆಯೇ ಇಲ್ಲವಾಗುತ್ತದೆ. ಹಾಗಾಗಿ ಗಾಳಿಯನ್ನೆಲ್ಲ ಹೊರಗೆ ತೆಗೆದ ಪೆಟ್ಟಿಗೆಯೊಳಗೆ, ಗೋಡೆಗೆ ತಗುಲದಂತೆ ವಿದ್ಯುತ್ತಿನ ಬಲದಿಂದಲೇ ಅದನ್ನು ಹಿಡಿದು ನಿಲ್ಲಿಸಬೇಕು. ಆಮೇಲೆ ಅವಕೆಂಪು ಲೇಸರಿನ ಬಣ್ಣವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬದಲಿಸುತ್ತ ಹೋಗಬೇಕು. ಒಂದು ಕಡೆ ಬಣ್ಣ ಸರಿಯಾಗಿ ಹೊಂದಿದಾಗ ಅಯಾನು ಆ ಬೆಳಕನ್ನು ನುಂಗಿ ನಡುಗುತ್ತದೆ. ಆ ಬಣ್ಣ ಯಾವುದು ಎಂಬುದನ್ನು ಹತ್ತಾರು ಅಂಕಿಗಳವರೆಗೆ ಸರಿಯಾಗಿ ಹೇಳುವುದೇ ಅವರ ಕೆಲಸ.

"ಮೂರು ಮನೆಗೆ ಎರಡೇ ದೀಪ ಅಕ್ಕ," ಅಂತ ಅವರು ಆ ಅಯಾನಿನ ಬಗ್ಗೆ ಹೇಳುತ್ತಿದ್ದರು. "ಹಂಚ್ಕೊಂಡು ಬದುಕ್ತವೆ. ಅದಕ್ಕೇ ಬಿಟ್ಟೋಗಲ್ಲ."

"ಅದರಿಂದ ಏನು ಪ್ರಯೋಜನ ಮೇಡಂ?" ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ.

"ಅಷ್ಟು ಸರಳವಾಗಿರೋದ್ರಿಂದ ಅದನ್ನ ಕಾಗದದ ಮೇಲೆ ಪೂರ್ತಿ ಲೆಕ್ಕ ಹಾಕ್ಬೋದು. ಲೆಕ್ಕ ಹಾಕೋರು ಒಂದು ಸಂಖ್ಯೆ ಹೇಳ್ತಾರೆ. ಅಳೆಯೋರು ಒಂದು ಸಂಖ್ಯೆ ಹೇಳ್ತೀವಿ. ಎರಡೂ ಹೊಂದಿದ್ರೆ ಜಗತ್ತು ನಾವು ತಿಳ್ಕೊಂಡಂಗೇ ಇದೆ ಅಂತ. ಹೊಂದ್ಲಿಲ್ಲ ಅಂದ್ರೆ ಯಾರೋ ಒಬ್ರು ತಪ್ಪು, ಇಲ್ಲಾ ಜಗತ್ತೇ ಬೇರೆ ಥರ ಇದೆ." ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, "ಸಾಮಾನ್ಯವಾಗಿ ಯಾರೋ ಒಬ್ರು ತಪ್ಪೇ," ಅಂದು ನಕ್ಕರು.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೇಸರ್ ಎಂದರೆ ಪಾಠದಲ್ಲಿ ತೋರಿಸುವ ಕೆಂಪು ಟಾರ್ಚು. ಅವರು ಅದರ ಬಗ್ಗೆ ಗೊಣಗಿದ್ದನ್ನು ನಾನು ಕೇಳಿಲ್ಲ. ಒಂದು ದಿನ ಪ್ರಿನ್ಸಿಪಾಲರ ಕೋಣೆಯಿಂದ ಟೀವಿಯ ರಿಮೋಟು ತಂದು ನನ್ನ ಮುಂದೆ ಹಿಡಿದು ಗುಂಡಿ ಒತ್ತಿದರು. ಏನೂ ಕಾಣಲಿಲ್ಲ. ಇದೂ ಅವಕೆಂಪೇ, ಮೊಬೈಲಿನ ಕ್ಯಾಮೆರಾದಲ್ಲಿ ನೋಡಿ ಅಂದರು. ರಿಮೋಟಿನ ತುದಿಯಲ್ಲಿ ನೇರಳೆ ಬಣ್ಣದ ಒಂದು ಚುಕ್ಕಿ ಮಿಣಕ್ ಮಿಣಕ್ ಅನ್ನುತ್ತಿತ್ತು. ಆ ವಾರವೆಲ್ಲ ಅವರ ತರಗತಿಯ ಹುಡುಗರು ಊರಿನ ರಿಮೋಟುಗಳನ್ನೆಲ್ಲ ಪರೀಕ್ಷೆ ಮಾಡಿ ಬಂದರು. ಬೂವನಹಳ್ಳಿ ಕಡೆಯ ಒಬ್ಬ, "ಮಿಸ್, ನಮ್ಮನೇದು ಕೆಟ್ಟೋಗೈತೆ ಅಂತ ಬಿಸಾಕಿದ್ರು, ನೋಡುದ್ರೆ ಬೆಳಕು ಬತ್ತಾನೆ ಐತೆ, ಕೆಟ್ಟಿರೋದು ಟೀವಿ," ಅಂತ ಸಂತೋಷದಿಂದ ವರದಿ ಒಪ್ಪಿಸಿದ.

ತಪ್ಪು ಮಾಡಿದ ಹುಡುಗರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ತಪ್ಪೇ ಇಲ್ಲವೆಂದು ತೋರಿಸಿದವರ ಮೇಲೆ ಇತ್ತು. ಪ್ರಯೋಗದ ಪರೀಕ್ಷೆಯಲ್ಲಿ ಹುಡುಗರು ಮಾಡುವುದು ಎಲ್ಲರಿಗೂ ಗೊತ್ತಿರುವುದೇ. ಉತ್ತರ ಎಷ್ಟು ಬರಬೇಕು ಎಂದು ಮೊದಲೇ ತಿಳಿದಿರುತ್ತದೆ. ಅದಕ್ಕೆ ತಕ್ಕ ಹಾಗೆ ಅಳತೆಗಳನ್ನು ಹಿಂದಿನಿಂದ ಹೊಂದಿಸಿ ಬರೆಯುತ್ತಾರೆ. ಒಂದು ವರ್ಷ ಅರಕಲಗೂಡಿನ ಹುಡುಗಿಯೊಬ್ಬಳು ಗುರುತ್ವ ಅಳೆಯುವ ಲೋಲಕದ ಪ್ರಯೋಗದಲ್ಲಿ ಬಂದದ್ದನ್ನು ಬಂದ ಹಾಗೇ ಬರೆದಳು. ಉತ್ತರ ಎಲ್ಲಿಗೋ ಹೋಗಿತ್ತು. ಹೊಳೆನರಸೀಪುರದಿಂದ ಪರೀಕ್ಷೆಗೆ ಬಂದಿದ್ದ ಮೇಷ್ಟ್ರು ಅದನ್ನು ನೋಡಿ, "ಒಂಬತ್ತೂ ಚಿಲ್ಲರೆ ಬರಬೇಕಲ್ಲಮ್ಮ," ಅಂತ ಪೆನ್ನು ಎತ್ತಿದರು. ನಮ್ಮ ಮೇಡಂ ಲೋಲಕದ ದಾರವನ್ನು ಮುಟ್ಟಿ ನೋಡಿದರು. ಮೇಲಿನ ಗಂಟು ಸಡಿಲವಾಗಿ ಜಾರುತ್ತಿತ್ತು.

"ಸರ್, ಈ ದಾರಕ್ಕೆ ಬರಬೇಕಾದ ಉತ್ತರ ಇವಳಿಗೆ ಬಂದಿದೆ. ಇದೇ ದಾರದಲ್ಲಿ ಬೆಳಿಗ್ಗೆಯಿಂದ ಮಿಕ್ಕೋರಿಗೆಲ್ಲ ಒಂಬತ್ತೂ ಚಿಲ್ಲರೆ ಹೇಗೆ ಬಂತೋ ಅದನ್ನ ಕೇಳ್ಬೇಕು."

ಆ ಮೇಷ್ಟ್ರು ಒಳ್ಳೆಯವರು. ಪೆನ್ನು ಕೆಳಗಿಟ್ಟು ಹುಡುಗಿಗೆ ಪೂರ್ತಿ ಅಂಕ ಕೊಟ್ಟರು. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ಮಾತ್ರ ಒಂದು ವಾರ ಇವರ ಜೊತೆ ಮಾತಾಡಲಿಲ್ಲ.

ಅವರ ಬದುಕಿನ ದೊಡ್ಡ ಸಂಗತಿ ನನಗೆ ತಿಳಿದದ್ದು ನಮ್ಮ ಮನೆಯಲ್ಲಿ ಆದ ಒಂದು ಸಣ್ಣ ಸಂಗತಿಯಿಂದ.

ನಮ್ಮ ಯಜಮಾನರದು ಹಾರ್ಡ್‌ವೇರ್ ಅಂಗಡಿ, ಮನೆ ಅಂಗಡಿಯ ಹಿಂದೆಯೇ. ಒಂದು ಭಾನುವಾರ ಮೇಡಂ ಪಟ್ಟಣಕ್ಕೆ ಬಂದವರು ನನ್ನ ಬಲವಂತಕ್ಕೆ ಮನೆಗೂ ಬಂದರು. ನಮ್ಮತ್ತೆ ಹಣೆ ತುಂಬ ವಿಭೂತಿ ಇಟ್ಟುಕೊಂಡು ನಡುಮನೆಯಲ್ಲಿ ಕೂತಿದ್ದರು. ಯಾವೂರು, ಯಾರ ಪೈಕಿ ಅಂತ ವಿಚಾರಿಸಿದರು.

"ನಾವು ಬೌದ್ಧರು ಅಮ್ಮ."

"ಅಂಗಂದ್ರೆ?"

"ಮುಂಚೆ ಏನಾಗಿದ್ರಿ ಅಂತ ಕೇಳ್ತಿದೀರಾ? ಅದನ್ನೂ ಹೇಳ್ತೀನಿ," ಅಂದು ಹೇಳಿದರು. ದನಿಯಲ್ಲಿ ಏರಿಳಿತವಿರಲಿಲ್ಲ.

ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಎದ್ದು ಬಂದು, ಹಬ್ಬಕ್ಕೆ ತಂದು ಉಳಿದಿದ್ದ ಕಾಗದದ ಲೋಟವೊಂದನ್ನು ತಟ್ಟೆಯಲ್ಲಿಟ್ಟು, ಅದಕ್ಕೆ ತಾವೇ ಕಾಫಿ ಬಗ್ಗಿಸಿ ತೆಗೆದುಕೊಂಡು ಹೋಗಿಬಿಟ್ಟರು. ಮಿಕ್ಕವರಿಗೆಲ್ಲ ಸ್ಟೀಲಿನ ಲೋಟ. ಮೇಡಂ ಅದನ್ನು ನೋಡಿದರು. ನೋಡದ ಹಾಗೆ ನಟಿಸಲಿಲ್ಲ. ಪೂರ್ತಿ ಕುಡಿದು, "ಕಾಫಿ ಚೆನ್ನಾಗಿತ್ತು ಅಮ್ಮ," ಅಂದು, ಲೋಟವನ್ನು ತಾವೇ ಹೊರಗಿನ ಕಸದ ಬುಟ್ಟಿಗೆ ಹಾಕಿ ಬಂದರು. ಆ ಸಂಜೆ ಅತ್ತೆಗೂ ನನಗೂ ದೊಡ್ಡ ಮಾತಾಯಿತು.

ಮರುದಿನ ಬಸ್ಸಿನಲ್ಲಿ ಅವರು ಪಕ್ಕ ಕೂತ ಕೂಡಲೇ ನಾನು ಕ್ಷಮೆ ಕೇಳಲು ಶುರು ಮಾಡಿದೆ. ಅವರು ನನ್ನ ಮೊಣಕೈ ಮುಟ್ಟಿ ನಿಲ್ಲಿಸಿದರು.

"ಬೇಡ ಅಕ್ಕ. ನಿಮ್ಮತ್ತೆ ತಪ್ಪಿಗೆ ನೀವು ತಿದ್ದುಪಡಿ ಬರೆಯೋಕಾಗಲ್ಲ. ಅವರವರದ್ದು ಅವರವರೇ ಬರೀಬೇಕು. ಬರೆಯೋದು ಕಷ್ಟ. ನಾನೊಂದು ಬರ್ದಿದೀನಿ."

ಏನದು ಅಂತ ಕೇಳಿದೆ. ಹಾಸನದ ಬಸ್‌ಸ್ಟ್ಯಾಂಡ್ ಬರುವವರೆಗೂ ಹೇಳಿದರು.

ಲೇಸರಿನ ಬಣ್ಣವನ್ನು ಅಳೆಯಲು ಅವರ ಪ್ರಯೋಗಾಲಯದಲ್ಲಿ ಬೆಳಕಿನದೇ ಒಂದು ಬಾಚಣಿಗೆ ಇತ್ತು. ಬಾಚಣಿಗೆಯ ಹಲ್ಲುಗಳಂತೆ ಸಮದೂರದಲ್ಲಿ ನಿಂತ ಲಕ್ಷಾಂತರ ಬೆಳಕಿನ ಗೆರೆಗಳು. ತಮ್ಮ ಲೇಸರು ಯಾವ ಹಲ್ಲಿನ ಪಕ್ಕದಲ್ಲಿದೆ, ಆ ಹಲ್ಲಿನಿಂದ ಎಷ್ಟು ದೂರದಲ್ಲಿದೆ, ಎರಡನ್ನೂ ತಿಳಿದರೆ ಅಳತೆ ಮುಗಿಯಿತು. ನನಗೆ ಇದು ಹತ್ತಲಿಲ್ಲ. ಅವರು ಕಿಟಕಿಯ ಹೊರಗೆ ಕೈ ತೋರಿಸಿದರು. ರಸ್ತೆ ಪಕ್ಕದಲ್ಲಿ ಕಿಲೋಮೀಟರು ಕಲ್ಲೊಂದು ಹಿಂದಕ್ಕೆ ಹೋಯಿತು.

"ಪಟ್ಟಣದಿಂದ ಕಾಲೇಜಿಗೆ ಎಷ್ಟು ದೂರ ಅಂತ ಒಬ್ಬಳು ಅಳೀತಾಳೆ ಅಂದ್ಕೊಳ್ಳಿ. ಕೊನೇ ಕಲ್ಲಿಂದ ಗೇಟಿನವರೆಗೆ ಎಷ್ಟು ಅನ್ನೋದನ್ನ ಎಳ್ಳುಕಾಳಿನಷ್ಟೂ ತಪ್ಪದಂಗೆ ಅಳೆದಳು. ಆದ್ರೆ ಅದು ಎಷ್ಟನೇ ಕಲ್ಲು ಅನ್ನೋದನ್ನ ಒಂದು ತಪ್ಪಾಗಿ ಎಣಿಸಿದಳು. ಎಳ್ಳುಕಾಳಿಗೆ ಏನು ಬೆಲೆ ಅಕ್ಕ ಆಮೇಲೆ? ನಾನು ಮಾಡಿದ್ದು ಅದು."

ಎಷ್ಟನೇ ಹಲ್ಲು ಎಂದು ಹೇಳುವ ಉಪಕರಣ ತುಸು ಜರುಗಿತ್ತು. ಇವರ ಗಮನಕ್ಕೆ ಬರಲಿಲ್ಲ. ಲೇಖನ ಪ್ರಕಟವಾಯಿತು, ಹೊಗಳಿಕೆ ಬಂತು. ಅದೇ ಹೊತ್ತಿಗೆ ಅಲ್ಲೇ ಕಾಯಂ ವಿಜ್ಞಾನಿಯ ಹುದ್ದೆಗೆ ಅರ್ಜಿ ಕರೆದರು. ಇವರಿಗೇ ಸಿಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಆಗ ದೂರದ ಒಂದು ಚಳಿದೇಶದಿಂದ ಒಬ್ಬ ವಿದ್ಯಾರ್ಥಿನಿಯ ಮೇಲ್ ಬಂತು. ಅವಳು ಅಳೆಯುವವಳಲ್ಲ, ಲೆಕ್ಕ ಹಾಕುವವಳು. ನನ್ನ ಲೆಕ್ಕಕ್ಕೂ ನಿಮ್ಮ ಅಳತೆಗೂ ಹೊಂದುತ್ತಿಲ್ಲ, ಎಷ್ಟೋ ತಿಂಗಳಿಂದ ನನ್ನ ತಪ್ಪು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ, ನೀವು ಏನಾದರೂ ದಾರಿ ತೋರಿಸುತ್ತೀರಾ ಎಂದು ಬಹಳ ವಿನಯದಿಂದ ಕೇಳಿದ್ದಳು. ಮೇಡಂ ಒಂದು ಅನುಮಾನಕ್ಕೆಂದು ಉಪಕರಣವನ್ನು ಮತ್ತೆ ಪರೀಕ್ಷಿಸಿದರು. ಎಲ್ಲರಿಗೂ ಗೊತ್ತಿರುವ ಒಂದು ಅನಿಲ ನುಂಗುವ ಬೆಳಕಿನ ಗೆರೆಯನ್ನು ಅದರಲ್ಲಿ ಅಳೆದು ನೋಡಿದರು. ಅದೂ ಅಷ್ಟೇ ಸರಿದು ಬಂತು.

ಗೈಡಿನ ಬಳಿ ಹೋಗಿ ಹೇಳಿದರು. ಆತ ಕೆಟ್ಟ ಮನುಷ್ಯನಲ್ಲ ಅಂತ ಮೇಡಂ ಎರಡು ಸಲ ಅಂದರು. "ಈಗ ಬೇಡ. ನೇಮಕಾತಿ ಮುಗಿಯಲಿ. ಆಮೇಲೆ ಇನ್ನೊಮ್ಮೆ ಅಳೆದು ಹೊಸ ಲೇಖನದಲ್ಲಿ ಸರಿ ಸಂಖ್ಯೆ ಕೊಟ್ಟರಾಯಿತು, ಯಾರೂ ಹಳೆಯದನ್ನು ಕೆದಕುವುದಿಲ್ಲ," ಅಂದರಂತೆ.

"ಅವರು ಹೇಳಿದ್ದೂ ಒಂದು ದಾರಿನೇ," ಅಂದೆ ನಾನು.

"ದಾರಿನೇ. ಆದ್ರೆ ಆ ಹುಡುಗಿ ಅಷ್ಟು ದಿನವೂ ತನ್ನ ಲೆಕ್ಕದಲ್ಲಿ ತಪ್ಪು ಹುಡುಕ್ತಾ ಕೂತಿರ್ತಿದ್ಲು. ತಪ್ಪು ನನ್ನ ಹತ್ರ ಇತ್ತು ಅಕ್ಕ."

ಬಸ್ಸು ಶಾಂತಿಗ್ರಾಮ ದಾಟುವಾಗ ಅವರು ತುಂಬ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. "ಬೇರೆಯೋರು ತಪ್ಪಿದ್ರೆ ಅವರೊಬ್ರು ತಪ್ಪಿದಂಗೆ. ನಾನು ತಪ್ಪಿದ್ರೆ ನಮ್ಮ ಕೇರಿ ಎಲ್ಲಾ ತಪ್ಪಿದಂಗೆ. ನಮ್ಮಲ್ಲಿಂದ ಆಮೇಲೆ ಬರೋ ಮಕ್ಕಳಿಗೂ ಅದನ್ನೇ ತೋರಿಸ್ತಾರೆ. ಬರೆಯೋ ಕೈನ ತಡೀತಿದ್ದಿದ್ದು ಕೆಲಸದ ಯೋಚನೆ ಅಲ್ಲ, ಇದು."

ಆದರೂ ತಿದ್ದುಪಡಿ ಬರೆದರು. ನಮ್ಮ ಎಣಿಕೆಯಲ್ಲಿ ತಪ್ಪಾಗಿದೆ, ಸರಿಯಾದ ಸಂಖ್ಯೆ ಇದು, ಈ ತಪ್ಪಿನಿಂದ ಇತರರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ. ಅಷ್ಟೇ. ಕೆಲವೇ ಸಾಲು. ಚಳಿದೇಶದ ಹುಡುಗಿಗೆ ಅದಕ್ಕೂ ಮೊದಲೇ ಮೇಲ್ ಕಳಿಸಿದ್ದರು. 'ನಾನು ಅತ್ತುಬಿಟ್ಟೆ' ಎಂದು ಅವಳು ಉತ್ತರ ಬರೆದಳಂತೆ.

ಸಂದರ್ಶನದಲ್ಲಿ ಒಬ್ಬರು ಅದನ್ನೇ ಎತ್ತಿದರು. "ಎಣಿಸುವುದರಲ್ಲೇ ಎಡವಿದವರು ಅಳೆಯುವ ಕೆಲಸಕ್ಕೆ ಬರುತ್ತೀರಾ?" ಅಂದರು. ಮಿಕ್ಕವರು ನಕ್ಕರು. ತುಂಬ ಜೋರಾಗಿ ಅಲ್ಲ. ಕೆಲಸ ಬೇರೆಯವರಿಗೆ ಹೋಯಿತು. ಬೇರೆ ಕಡೆ ಹಾಕಿದ ಅರ್ಜಿಗಳೂ ಒಂದೊಂದಾಗಿ ಹಿಂದೆ ಬಂದವು. ಆ ಹೊತ್ತಿಗೆ ತಂದೆ ತೀರಿಕೊಂಡರು. ಊರಿನಲ್ಲಿ ತಾಯಿ ಒಬ್ಬರೇ ಆದರು. ಇವರು ಪೆಟ್ಟಿಗೆ ಕಟ್ಟಿಕೊಂಡು ಬಂದು ನಮ್ಮ ಕಾಲೇಜಿನಲ್ಲಿ ಅತಿಥಿಯಾದರು.

ಇಷ್ಟನ್ನೂ ಹೇಳಿ ಬಸ್ಸಿನಿಂದ ಇಳಿಯುವಾಗ, "ಎರಡನೇ ಪೀರಿಯಡ್ ನನ್ದು ಖಾಲಿ ಇದೆ ಅಕ್ಕ, ಕ್ಯಾಂಟೀನಿಗೆ ಹೋಗಣ," ಅಂದರು, ಏನೂ ಆಗಿಲ್ಲವೆಂಬಂತೆ.

ಹೀಗೇ ವರ್ಷಗಳು ಹೋದವು. ಕಾಯಂ ಉಪನ್ಯಾಸಕರ ನೇಮಕಾತಿ ಆಗುತ್ತದೆ ಅನ್ನುತ್ತಲೇ ಇದ್ದರು. ಮೇಡಂ ಪ್ರತಿ ಜೂನಿನಲ್ಲಿ ಅರ್ಜಿ ಹಾಕಿ ಮತ್ತೆ ಅದೇ ಕುರ್ಚಿಗೆ ಬರುತ್ತಿದ್ದರು. ಅವರ ಬಳಿ ಓದಿದ ಮಕ್ಕಳು ಕೆಲವರು ಎಮ್ಮೆಸ್ಸಿಗೆ ಹೋದರು. ಲೋಲಕದ ಹುಡುಗಿ ಅರಕಲಗೂಡಿನಲ್ಲೇ ಹೈಸ್ಕೂಲು ಮೇಡಂ ಆದಳು.

ಒಂದು ಮಳೆಗಾಲ ಅವರು ಕೂತು ಪಾಠ ಮಾಡುವುದನ್ನು ಕಾರಿಡಾರಿನಿಂದ ನೋಡಿದೆ. ಅದುವರೆಗೆ ತರಗತಿಯಲ್ಲಿ ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಹೊಟ್ಟೆ ಉಬ್ಬರ ಅಂದರು. ಶಾಲು ಹೊದ್ದುಕೊಂಡು ಬರತೊಡಗಿದರು. ಡಾಕ್ಟರಿಗೆ ತೋರಿಸಿ ಅಂತ ನಾನು ದಿನಾ ಗಂಟು ಬಿದ್ದೆ.

"ಸೆಮಿಸ್ಟರ್ ಮುಗೀಲಿ ಅಕ್ಕ. ಮಧ್ಯದಲ್ಲಿ ಬಿಟ್ರೆ ನನ್ನ ಜಾಗಕ್ಕೆ ಬೇರೆಯೋರನ್ನ ತಗೋತಾರೆ. ಮುಂದಿನ ವರ್ಷ ಮತ್ತೆ ಕರೀತಾರೆ ಅಂತ ಏನು ಗ್ಯಾರಂಟಿ?"

ಸೆಮಿಸ್ಟರ್ ಮುಗಿಯಿತು. ಮೌಲ್ಯಮಾಪನವನ್ನೂ ಮುಗಿಸಿಕೊಟ್ಟೇ ಆಸ್ಪತ್ರೆಗೆ ಹೋದರು. ಅಂಡಾಶಯದಲ್ಲಿ ಶುರುವಾದದ್ದು ಅಷ್ಟರಲ್ಲಿ ಎಲ್ಲ ಕಡೆ ಹರಡಿತ್ತು.

ಹಾಸನದ ಆಸ್ಪತ್ರೆಗೆ ನಾನು ಕಾಲೇಜು ಬಿಟ್ಟ ಮೇಲೆ ಹೋಗುತ್ತಿದ್ದೆ. ಅಲ್ಲೂ ಅವರ ಬಲಕ್ಕೆ ಗೋಡೆ, ಎಡಕ್ಕೆ ನನ್ನ ಸ್ಟೂಲು. ಕೂದಲು ಉದುರಿದ ತಲೆಗೆ ಅವರ ತಾಯಿ ಬಿಳಿ ಬಟ್ಟೆ ಕಟ್ಟಿರುತ್ತಿದ್ದರು. ಒಂದು ದಿನ ಮಾತಿನ ಮಧ್ಯೆ, "ಲ್ಯಾಬು ಕನಸಲ್ಲಿ ಬರುತ್ತೆ ಅಕ್ಕ," ಅಂದರು. "ಪಂಪುಗಳ ಸದ್ದು. ಒಂದೇ ಸಮ ಇರ್ತಿತ್ತು. ಅಲ್ಲಿದ್ದಾಗ ಕಿವಿಗೇ ಬೀಳ್ತಿರಲಿಲ್ಲ." ಆಮೇಲೆ ಗೋಡೆಯ ಕಡೆಗೆ ತಿರುಗಿಕೊಂಡರು. ಅವರು ಅಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ನನಗೆ ಮುಖ ಕಾಣಲಿಲ್ಲ.

ಇನ್ನೊಂದು ದಿನ ಫೋನು ಕೊಟ್ಟು, ಒಂದು ಮೇಲ್ ಬಂದಿದೆ, ಓದಿ ಅಂದರು. ಚಳಿದೇಶದ ಹುಡುಗಿ ಬರೆದಿದ್ದಳು. ಅವಳೀಗ ಹುಡುಗಿಯಲ್ಲ, ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಪ್ರೊಫೆಸರ್. ಬೇರೊಂದು ತಂಡ ಅದೇ ಗೆರೆಯನ್ನು ಹೊಸ ಉಪಕರಣದಿಂದ ಅಳೆದಿದೆ, ನೀವು ತಿದ್ದಿ ಕೊಟ್ಟ ಸಂಖ್ಯೆಗೇ ಬಂದು ನಿಂತಿದೆ, ನಿಮಗೆ ತಿಳಿಸಬೇಕೆನಿಸಿತು, ಎಂದಿತ್ತು. ನನ್ನ ಹರಕು ಇಂಗ್ಲಿಷಿನಲ್ಲಿ ಓದಿದೆ. ಸಂಖ್ಯೆಯನ್ನು ಮತ್ತೆ ಓದಿಸಿದರು. ಕಣ್ಣು ಮುಚ್ಚಿ ಕೇಳಿಸಿಕೊಂಡು, "ಕೊನೇ ಅಂಕಿ ಹೊಂದಲ್ಲ. ಆದ್ರೂ ಅಳತೆಯ ತಪ್ಪಿನ ಮಿತಿಯೊಳಗಿದೆ," ಅಂದರು. ತಮಗೆ ಹುಷಾರಿಲ್ಲವೆಂದು ಉತ್ತರದಲ್ಲಿ ಬರೆಯಲು ಬಿಡಲಿಲ್ಲ. ಧನ್ಯವಾದ, ಸಂತೋಷವಾಯಿತು ಅಂತಷ್ಟೇ ಬರೆಸಿದರು.

ಜನವರಿಯ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಊರಿನ ಹೊರಗಿನ ಹೊಲದಂಚಿನಲ್ಲಿ ಮಣ್ಣು ಮಾಡಿದರು. ಬಿಳಿ ಬಟ್ಟೆ ಉಟ್ಟ ಹಿರಿಯರೊಬ್ಬರು ಬುದ್ಧವಂದನೆ ಹೇಳಿದರು. ಬಂದಿದ್ದ ವಿದ್ಯಾರ್ಥಿಗಳು ಗೊತ್ತಿಲ್ಲದಿದ್ದರೂ ಹಿಂದೆ ಹಿಂದೆ ದನಿಗೂಡಿಸಿದರು. ನಮ್ಮತ್ತೆ, ಯಾರೂ ಕೇಳದಿದ್ದರೂ, ನನ್ನ ಜೊತೆ ಬಂದಿದ್ದರು. ದೂರದಲ್ಲಿ ನಿಂತಿದ್ದವರು ಕೊನೆಗೆ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ಹಾಕಿದರು.

ಕೆಲವು ದಿನ ಬಿಟ್ಟು ಅವರ ತಾಯಿಯನ್ನು ನೋಡಲು ಒಬ್ಬಳೇ ಹೋದೆ. ಜೀವಮಾನವೆಲ್ಲ ಕೂಲಿ ಮಾಡಿದ ಹೆಂಗಸು. ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಾ ಕಣವ್ವ ಅಂದು ಚಾಪೆ ಸರಿಸಿದರು. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯಲು ಕೂತೆ.

"ಕಾಯಮ್ ಕೆಲ್ಸ ಇದ್ದಿದ್ರೆ ರಜ ಆಕ್ಬೋದಿತ್ತಂತೆ," ಅಂದರು ಆಮೇಲೆ. "ಬಿರ‍್ರನೆ ತೋರಿಸ್ಕಬೋದಿತ್ತಂತೆ. ಔದಾ?"

"ಹಾಗೆ ಹೇಳೋಕಾಗಲ್ಲ ಅವ್ವ," ಅಂದೆ.

"ಆ ಕೆಲ್ಸ ಓಗಿದ್ದು ನನ್ನಿಂದ್ಲೇ ಕಣವ್ವ." ಅವರ ಕೈ ನಿಲ್ಲಲಿಲ್ಲ. "ಒಂದ್ ದಪ ಊರ‍್ಗೆ ಬಂದಿದ್ಲು. ಊಟ ಬ್ಯಾಡ ಅಂದ್ಲು. ಯಾಕ್ ಮಗ ಅಂದೆ. 'ಅವ್ವ, ನಾನ್ ಬರ‍್ದಿರದು ತಪ್ಪಾಗ್ಯದೆ, ಇನ್ನೂ ಯಾರ‍್ಗೂ ಗೊತ್ತಿಲ್ಲ, ಏಳುದ್ರೆ ಕೆಲ್ಸ ಸಿಗಾಕಿಲ್ಲ' ಅಂದ್ಲು. ಅದ್ರಿಂದ ಯಾರ‍್ಗಾರ ತೊಂದ್ರೆ ಆಯ್ತದಾ ಅಂದೆ. 'ಯಾವ್ದೋ ದೇಸದಾಗೆ ಒಂದುಡ್ಗಿ ಅದೆ, ಅವ್ಳಿಗಾಯ್ತದೆ' ಅಂದ್ಲು. ಅಂಗಾರೆ ಏಳ್ಬುಡು ಅಂದ್ಬುಟ್ಟೆ. ರಾಗಿ ಕೇರ‍್ತಾ ಇದ್ದೆ. ತಲೆ ಎತ್ತಿ ಅವ್ಳ ಮುಖಾನೂ ನೋಡ್ನಿಲ್ಲ."

ಈ ವಿಷಯವನ್ನು ಮೇಡಂ ನನಗೆ ಎಂದೂ ಹೇಳಿರಲಿಲ್ಲ.

"ನಂಗೇನ್ ಗೊತ್ತು," ಅಂದರು. "ನಂಗೆ ಗೊತ್ತಿದ್ದಿದ್ದು ಕೂಲಿ ಕೆಲ್ಸ. ಈ ಒಲ್ದಾಗೆ ಬ್ಯಾಡ ಅಂದ್ರೆ ಪಕ್ಕದೊಲ್ದೋರು ಕರೀತಾರೆ. ಅವ್ಳ ಕೆಲ್ಸಾನೂ ಅಂಗೇಯ ಅಂದ್ಕಂಡಿದ್ದೆ. ಇದಿಲ್ದಿದ್ರೆ ಇನ್ನೊಂದು ಅಂತ. ಸುಮ್ಕಿರು ಮಗ ಅಂದಿದ್ರೆ ಸುಮ್ಕಿರೋಳು. ನನ್ ಮಾತ ಮೀರ‍್ತಿರ‍್ನಿಲ್ಲ." ಒಂದು ಕಾಯಿಯನ್ನು ಬಿಡಿಸಿ, ಕಾಳು ತೆಗೆಯದೆ ಹಾಗೇ ಹಿಡಿದುಕೊಂಡರು. "ನನ್ ಮ್ಯಾಲೆ ಬ್ಯಾಸ್ರ ಮಾಡ್ಕಂಡಿದ್ಲಾ ಕಣವ್ವ? ನಿನ್ ತಾವ ಏನಾರ ಅಂದಿದ್ಲಾ?"

"ಇಲ್ಲ ಅವ್ವ. ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ."

ಅದು ನಿಜ. ಆದರೆ ಅವರಿಗೆ ಸಾಕಾಗುವಷ್ಟು ನಿಜವಲ್ಲವೆಂದು ನನಗೂ ಗೊತ್ತಿತ್ತು. ಬೇರೆ ತಂಡದವರು ಅಳೆದದ್ದು, ನಿಮ್ಮ ಮಗಳು ತಿದ್ದಿದ್ದೇ ಸರಿ ಅಂತ ಆದದ್ದು, ಎಲ್ಲವನ್ನೂ ನನಗೆ ತಿಳಿದ ಮಟ್ಟಿಗೆ ಹೇಳಿದೆ. ಆ ಸಂಖ್ಯೆ ಅವರಿಗೆ ಬೇಕಿರಲಿಲ್ಲ. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಗಲಾಟೆ ಮಾಡುತ್ತ ಹೋದರು. ಆ ಮಕ್ಕಳು ಮರೆಯಾಗುವವರೆಗೂ ನೋಡಿ ತಾಯಿ ಕೇಳಿದರು:

"ಆ ಉಡ್ಗಿ ಏನಾದ್ಲು?"

"ಚೆನ್ನಾಗಿದ್ದಾಳೆ ಅವ್ವ. ಅಲ್ಲೇ ದೊಡ್ಡ ಕೆಲಸದಲ್ಲಿದ್ದಾಳೆ. ಕಾಯಂ ಕೆಲಸ."

ತಾಯಿ ಕಾಳನ್ನು ಮೊರಕ್ಕೆ ಹಾಕಿದರು. ಸಿಪ್ಪೆಯನ್ನು ಬೇರೆ ಇಟ್ಟರು.

"ಇರ‍್ಲಿ ಬುಡು," ಅಂದರು. "ಅವ್ಳಾದ್ರೂ ಇರ‍್ಲಿ."